ಎರಡು ಚೀಲದ ವಿಡಿಯೊ

ಚನ್ನವೀರನ ಪ್ರಕಾರ ರಾಕ್ ಹಾಡುಗಳ ವಿಡಿಯೊಗಳಲ್ಲಿ ನೂರಕ್ಕೆ ತೊಂಬತ್ತು ಬರೀ ಗಾಳಿ. ಗಾಳಿ ಎಂದರೆ ನಿಜವಾದ ಗಾಳಿಯೇ. ಹಾಡುವವನ ಕೂದಲು ಹಾರಲೆಂದು ಪಕ್ಕದಲ್ಲಿ ಯಾರೋ ದೊಡ್ಡ ಫ್ಯಾನು ಹಿಡಿದು ನಿಂತಿರುತ್ತಾರೆ, ಹಿಂದಿನ ಗಿಡದ ಒಂದು ಎಲೆಯೂ ಅಲ್ಲಾಡಿರುವುದಿಲ್ಲ. ಬೆಟ್ಟದ ತುದಿಯಲ್ಲಿ ನಿಂತು ಕರೆಂಟಿನ ಗಿಟಾರ್ ಬಾರಿಸುವವರನ್ನು ಕಂಡರಂತೂ ಅವನಿಗೆ ಮೈ ಉರಿಯುತ್ತಿತ್ತು. "ವೈರ್ ಎಲ್ಲಿ ಚುಚ್ಯಾನ ಇಂವಾ? ಗುಡ್ಡದಾಗ ಪ್ಲಗ್ ಅದ ಏನು?" ಎನ್ನುತ್ತಿದ್ದ. ಕೊನೆಯಲ್ಲಿ ಗಿಟಾರ್ ಒಡೆಯುವವರ ಬಗ್ಗೆ ಅವನದು ಒಂದೇ ತೀರ್ಪು: ಬಾರಿಸಿದ್ದು ಸಾಲಲಿಲ್ಲ, ಅದಕ್ಕೇ ಒಡೆದ.

ಇಷ್ಟೆಲ್ಲ ಅಭಿಪ್ರಾಯ ಇಟ್ಟುಕೊಂಡ ಮನುಷ್ಯ ಆ ಹಾಡುಗಳಲ್ಲಿ ಒಂದನ್ನೂ ಕಿವಿಯಿಂದ ಕೇಳಿದವನಲ್ಲ.

ಅದಕ್ಕೆ ಕಾರಣವಿತ್ತು. ಬೈಲಹೊಂಗಲದಿಂದ ಪುಣೆಗೆ ಬಂದು ಮೂವತ್ತು ವರ್ಷದಿಂದ ಅವನು ಲಕ್ಷ್ಮೀ ರಸ್ತೆಯ ಒಂದು ಟಿವಿ ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಡಿಯ ಮಾಲೀಕ ಹರಿಶ್ಚಂದ್ರ ಶೇಟ್‌ಗೆ ಗಲ್ಲಾದ ಹತ್ತಿರ ಬೆಳಗಿನಿಂದ ಸಂಜೆಯವರೆಗೆ ಸ್ಪೀಕರಿನಲ್ಲಿ ಮರಾಠಿ ಅಭಂಗದ ಭಜನೆ ಹಾಡುತ್ತಿರಬೇಕು. ಹಾಗಾಗಿ ರಸ್ತೆಯ ಕಡೆ ಮುಖ ಮಾಡಿ ಗಾಜಿನ ಹಿಂದೆ ಕೂತ ಹನ್ನೊಂದು ಟಿವಿಗಳಿಗೆ ಬಾಯಿ ಬಂದ್. ಮೊದಲು ಕೇಬಲ್ಲಿನ ಸಂಗೀತದ ಚಾನೆಲ್ಲು, ಈಗ ಇಂಟರ್ನೆಟ್ಟು. ಚಿತ್ರ ಬದಲಾಗಿ ಬದಲಾಗಿ ಬಂತು, ಆವಾಜು ಮಾತ್ರ ಒಂದು ದಿನವೂ ಬರಲಿಲ್ಲ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಚನ್ನವೀರ ಟಿವಿ ನೋಡುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಟಿವಿ ನೋಡುವವರನ್ನು ನೋಡುತ್ತಿದ್ದ. ಫುಟ್‌ಪಾತಿನಲ್ಲಿ ಹೋಗುವವರಲ್ಲಿ ಯಾರು ತಿರುಗಿದರು, ಯಾರು ನಿಂತರು, ಯಾವ ವಿಡಿಯೊಗೆ ನಿಂತರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಲಕ್ಷ್ಮೀ ರಸ್ತೆಯಲ್ಲಿ ಖಾಲಿ ಕೈಯಲ್ಲಿ ಯಾರೂ ನಡೆಯುವುದಿಲ್ಲ. ಸೀರೆಯದೋ ತರಕಾರಿಯದೋ ಚೀಲ ಇದ್ದೇ ಇರುತ್ತದೆ. ಅದರಿಂದಲೇ ಅವನ ಅಳತೆ ಹುಟ್ಟಿದ್ದು. ನಡೆಯುತ್ತಲೇ ಕತ್ತು ತಿರುಗಿಸಿದರೆ ಅದು ಗಾಳಿ ವಿಡಿಯೊ. ನಿಂತು ಒಂದು ಚೀಲ ಕೆಳಗಿಟ್ಟರೆ ಒಂದು ಚೀಲದ ವಿಡಿಯೊ. ಎರಡೂ ಚೀಲ ಕೆಳಗಿಟ್ಟು, ಇಟ್ಟದ್ದನ್ನೂ ಮರೆತು ನಿಂತರೆ ಅದು ಎರಡು ಚೀಲದ್ದು. ಅಂಥವು ಮೂವತ್ತು ವರ್ಷಕ್ಕೆ ಆರೋ ಏಳೋ. ಅದರಲ್ಲೊಂದರಲ್ಲಿ ಒಬ್ಬ ಮುದುಕಿ ಮೊದಲಿಂದ ಕೊನೆಯವರೆಗೆ ಪಾತ್ರೆ ತಿಕ್ಕುತ್ತಾಳೆ, ಹಾಡುವವನು ತಿಕ್ಕಿದ ಪಾತ್ರೆಗಳ ಹೊಳಪಿನಲ್ಲಷ್ಟೇ ಕಾಣುತ್ತಾನೆ. ಅದು ಯಾವ ದೇಶದ್ದು, ಯಾವ ಭಾಷೆಯದು, ಅವನಿಗೆ ಗೊತ್ತಿಲ್ಲ. ಆದರೆ ಮುದುಕಿಯ ಕೈ ನೋಡಿದರೆ ಹಾಡಿನ ತಾಳ ಕೇಳಿಸುತ್ತಿತ್ತು ಎಂದು ಆಣೆ ಮಾಡಿ ಹೇಳುತ್ತಿದ್ದ. ಆವಾಜು ತೆಗೆದರೂ ಕೇಳಿಸುವುದೇ ವಿಡಿಯೊ, ಉಳಿದದ್ದೆಲ್ಲ ಹಾಡಿನ ಬೆನ್ನಿಗೆ ಅಂಟಿಸಿದ ಕ್ಯಾಲೆಂಡರು ಎಂಬುದು ಅವನ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಅಂತಾರ. ನಮ್ಮ ಮನ್ಯಾಗ ಕಿನ್ನರೀನೂ ಇಲ್ಲ, ಬರೇ ಕೋಣ," ಎನ್ನುತ್ತಿದ್ದಳು ಹೆಂಡತಿ ನಾಗವ್ವ. ಪ್ರತಿ ಶನಿವಾರ ಸಂಜೆ ಅವಳು ಮಂಡಯಿ ಮಾರ್ಕೆಟ್ಟಿನಿಂದ ತರಕಾರಿ ತಗೊಂಡು ಅಂಗಡಿಯ ಮುಂದೆ ಬರುತ್ತಿದ್ದಳು, ಇಬ್ಬರೂ ಕೂಡಿ ಮನೆಗೆ ಹೋಗುತ್ತಿದ್ದರು. ಅವನು ಹೊರಗೆ ಬರುವವರೆಗೆ ಟಿವಿಗಳಿಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಚೀಲ ಹಿಡಿದೇ ನಿಂತಿರುತ್ತಿದ್ದಳು. ಕೆಳಗಿಟ್ಟರೆ ಮೆಂತ್ಯೆ ಸೊಪ್ಪಿಗೆ ರಸ್ತೆಯ ಧೂಳು ಹತ್ತುತ್ತದೆ ಎಂಬುದು ಅವಳ ಸಿದ್ಧಾಂತ. ಅವಳ ಬೆನ್ನು ನೋಡಿದಾಗಲೆಲ್ಲ ಚನ್ನವೀರನಿಗೆ ಸಣ್ಣಗೆ ನೋವಾಗುತ್ತಿತ್ತು.

ಅವನ ಮಾತನ್ನು ನಂಬಿದವಳು ಜಗತ್ತಿನಲ್ಲಿ ಒಬ್ಬಳೇ, ಮಗಳು ನೀತಾ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಬೆಳೆದ ಹುಡುಗಿ. ಈಗ ವಿಡಿಯೊ ಕತ್ತರಿಸಿ ಜೋಡಿಸುವ ಎಡಿಟರ್. ಇಷ್ಟು ದಿನ ಮದುವೆಗಳ ವಿಡಿಯೊ ಮಾಡಿ ಬೇಸತ್ತವಳಿಗೆ ಮೊದಲ ಬಾರಿ ಒಂದು ಹಾಡು ಸಿಕ್ಕಿತ್ತು. ನಿಗಡಿಯಲ್ಲಿ ರೂಮು ಮಾಡಿಕೊಂಡಿದ್ದ ನಾಲ್ಕು ಜನ ಸಾಫ್ಟ್‌ವೇರಿನವರ ಬ್ಯಾಂಡು, ಹೆಸರು 'ಓವರ್‌ಟೈಮ್', ಹಾಡು ಕನ್ನಡದ್ದು. ನಸುಕಿನಲ್ಲಿ ಚಾಕಣದ ಕಾರ್ಖಾನೆಗಳಿಗೆ ಹೋಗುವ ಕಂಪನಿ ಬಸ್ಸಿಗಾಗಿ ಓಡುವವರ ಮೇಲೆ ಕಟ್ಟಿದ ಹಾಡು.

ನೀತಾ ಅದನ್ನು ಅಪ್ಪನ ಸಿದ್ಧಾಂತದಂತೆ ಆವಾಜು ಮುಚ್ಚಿಟ್ಟುಕೊಂಡು ಜೋಡಿಸಿದ್ದಳು. ಹನ್ನೆರಡು ದಿನ ಕೂತು, ಓಡುವ ಚಪ್ಪಲಿಗಳ ಒಂದೊಂದು ಹೆಜ್ಜೆಯನ್ನೂ ಬಾಯಿಪಾಠವಾದ ತಾಳಕ್ಕೆ ಕೂರಿಸಿದ್ದಳು. ಬ್ಯಾಂಡಿನ ಹಾಡುಗಾರ ಕಾರ್ತಿಕನಿಗೆ ಅದು ಹಿಡಿಸಲಿಲ್ಲ. ಅದೇ ಚಿತ್ರಗಳನ್ನು ಮುಂಬಯಿಯ ಯಾರಿಗೋ ಕೊಟ್ಟು ಇನ್ನೊಂದು ವಿಡಿಯೊ ಮಾಡಿಸಿದ. ಅದರಲ್ಲಿ ಹೊಗೆ ಇತ್ತು, ಆಕಾಶದಿಂದ ತೆಗೆದ ದೃಶ್ಯ ಇತ್ತು, ನಲವತ್ತಕ್ಕೂ ಹೆಚ್ಚು ಸಲ ಕಾರ್ತಿಕನ ಮುಖ ಇತ್ತು. ಗಿಟಾರ್ ಬಾರಿಸುವ ಇಂಪನಾ ನೀತಾಳ ಪರ ನಿಂತಳು. ನಾಲ್ವರಲ್ಲಿ ಮತ ಎರಡು-ಎರಡಾಯಿತು. ಶನಿವಾರ ರಾತ್ರಿಯೊಳಗೆ ಯಾವುದಾದರೊಂದು ಹೊರಗೆ ಬರಲೇಬೇಕಿತ್ತು.

"ನಂದು ಬಿಟ್ರ ನಾ ಸಾಸವಡಕ್ಕ ಹೋಗ್ತೀನಿ ಅಪ್ಪಾ," ಎಂದಳು ನೀತಾ ಶನಿವಾರ ಬೆಳಿಗ್ಗೆ. ಸಾಸವಡದ ಮದುವೆ ಸ್ಟುಡಿಯೊದವರು ಕಾಯಂ ಕೆಲಸಕ್ಕೆ ಕರೆದಿದ್ದರು. "ಜನ್ಮ ಪೂರ್ತಿ ಅಕ್ಷತೆ ಬೀಳೂದನ್ನ ಸ್ಲೋ ಮೋಷನ್‌ದಾಗ ಹಾಕ್ಕೋತ ಕೂಡ್ತೀನಿ. ಹಾಡಿನ ಸುದ್ದಿ ಬ್ಯಾಡ."

ಅವಳು ಹೇಳಿದರೆ ಮಾಡುವವಳು. ಚನ್ನವೀರ ಚಹಾದ ಬಟ್ಟಲು ಕೆಳಗಿಟ್ಟ. "ಎರಡೂ ಪೆನ್ ಡ್ರೈವಿನ್ಯಾಗ ಹಾಕ್ಕೊಂಡು ಸಂಜೀಕ ಅಂಗಡಿಗೆ ಕರಕೊಂಡು ಬಾ ಅವರನ್ನ. ರಸ್ತಾದಾಗ ಹೋಗೂ ಮಂದಿ ಹೇಳ್ಲಿ."

"ಯಾರೂ ನಿಲ್ಲಲಿಲ್ಲಂದ್ರ?"

"ಎರಡು ಚೀಲದ್ದ ಅದ ಅದು," ಎಂದ. ಮಗಳ ಲ್ಯಾಪ್‌ಟಾಪಿನಲ್ಲಿ ಅದನ್ನು ಆಗಲೇ ನೋಡಿದ್ದ.

ಸಂಜೆ ಐದೂವರೆಗೆ ನಾಲ್ವರೂ ಬಂದರು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಏರಿಸಿದ್ದ ಕಾರ್ತಿಕ ಒಳ್ಳೆಯ ಹುಡುಗನೇ. ಚನ್ನವೀರನ ಕೈ ಕುಲುಕಿ, "ಅಂಕಲ್, ನಿಮ್ ಟೆಸ್ಟ್‌ಗೆ ನಾನು ರೆಡಿ. ಬಟ್ ಸೋತ ಮೇಲೆ ನೀತಾ ಬೇಜಾರು ಮಾಡ್ಕೋಬಾರ್ದು, ಅಷ್ಟೆ," ಎಂದ. ಎಲ್ಲರೂ ರಸ್ತೆಯ ಆಚೆ ಬದಿಯ ಚಹಾದ ಅಂಗಡಿಯ ಮುಂದೆ ನಿಂತರು. ಅಲ್ಲಿಂದ ಹನ್ನೊಂದು ಟಿವಿಗಳೂ ಅವುಗಳ ಮುಂದೆ ಹಾಯುವ ಜನರೂ ಕಾಣುತ್ತಿದ್ದರು. ಮುಂಬಯಿಯದು ಮೊದಲು, ನೀತಾಳದು ಆಮೇಲೆ ಎಂದು ಮಾತಾಗಿತ್ತು, ಚನ್ನವೀರ ಎರಡನ್ನೂ ಹಾಗೇ ಸಾಲಾಗಿ ಹಚ್ಚಿ ಬಂದಿದ್ದ.

ಮುಂಬಯಿಯ ವಿಡಿಯೊ ಶುರುವಾಗುತ್ತಲೇ ಗಾಜು ಝಗಝಗಿಸಿತು. ಐದಾರು ಜನ ನಡೆಯುತ್ತಲೇ ಕತ್ತು ತಿರುಗಿಸಿದರು. ಒಬ್ಬ ತರುಣ ನಿಂತ. ಕಾರ್ತಿಕ ನೆಟ್ಟಗಾದ. ತರುಣ ಗಾಜಿನಲ್ಲಿ ತನ್ನ ಕೂದಲು ಸರಿ ಮಾಡಿಕೊಂಡು ಮುಂದೆ ಹೋದ. ಚೀಲ ಯಾವುದೂ ಇಳಿಯಲಿಲ್ಲ, ಆದರೂ ತಿರುಗಿ ನೋಡಿದವರು ಇದ್ದರು.

ನೀತಾಳದು ಶುರುವಾಯಿತು. ಯಾರೂ ನಿಲ್ಲಲಿಲ್ಲ. ನಿಲ್ಲುವುದಿರಲಿ, ತಿರುಗಿಯೂ ನೋಡಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಇಂಪನಾ ಉಗುರು ಕಚ್ಚತೊಡಗಿದಳು. ನೀತಾ ಟಿವಿಗಳನ್ನು ಬಿಟ್ಟು ತನ್ನ ಚಪ್ಪಲಿ ನೋಡುತ್ತಿದ್ದಳು. ಮಗಳನ್ನು ನಾನೇ ನಡುಬೀದಿಗೆ ತಂದು ನಿಲ್ಲಿಸಿದೆನಲ್ಲ ಎಂದು ಚನ್ನವೀರನಿಗೆ ನಾಚಿಕೆಯಾಯಿತು. ಮೂವತ್ತು ವರ್ಷದ ತಿಳುವಳಿಕೆಯೆಲ್ಲ ಕೆಲಸವಿಲ್ಲದ ಸೇಲ್ಸ್‌ಮನ್ನನ ಹರಟೆಯಾಗಿದ್ದರೆ?

ಆಗ ಅವನಿಗೆ ಕಾಣಿಸಿತು. ನಸುಕಿನ ಬಸ್ ಸ್ಟಾಪು ಮಟಮಟ ಮಧ್ಯಾಹ್ನದ ಹಾಗಿತ್ತು. ಚಳಿಯಲ್ಲಿ ಬಾಯಿಂದ ಬರುವ ಉಸಿರಿನ ಹೊಗೆ ಮಾಯವಾಗಿತ್ತು. ಓಡುವ ಕಾಲುಗಳು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿದ್ದವು, ನೆಲಕ್ಕೆ ಬಡಿಯುತ್ತಲೇ ಇರಲಿಲ್ಲ. ಹೆಜ್ಜೆಯೇ ಇಲ್ಲದ ಮೇಲೆ ತಾಳ ಎಲ್ಲಿಂದ ಬರಬೇಕು? ಇದು ಮಗಳ ತಪ್ಪಲ್ಲ, ಅವನದೇ ಕೈವಾಡ. ಅಂಗಡಿಗೆ ಬಂದ ಪ್ರತಿ ಹೊಸ ಟಿವಿಯನ್ನೂ ಅವನು 'ಶೋರೂಮ್ ಮೋಡ್' ಎಂಬುದಕ್ಕೆ ತಿರುಗಿಸಿಡುತ್ತಿದ್ದ. ಅದರಲ್ಲಿ ಬಣ್ಣ ಮೂರು ಪಟ್ಟು ಉರಿಯುತ್ತದೆ, ಚಲನೆ ಬೆಣ್ಣೆಯಾಗುತ್ತದೆ, ಗಿರಾಕಿ ಮರುಳಾಗುತ್ತಾನೆ. ಮನೆಗೆ ಒಯ್ದ ಮೇಲೆ ಬೇರೆ ಕಾಣುತ್ತದೆ ಎಂದು ಯಾರಾದರೂ ದೂರಿದರೆ ನಿಮ್ಮ ಮನೆಯ ಬೆಳಕು ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದವನೂ ಅವನೇ.

ಬಸ್ಸು ಆಟೊ ಲೆಕ್ಕಿಸದೆ ರಸ್ತೆ ದಾಟಿ ಒಳಗೆ ಹೋದ. ಹರಿಶ್ಚಂದ್ರ ಶೇಟ್ ಗಲ್ಲಾದ ಹಿಂದೆ ಅಭಂಗಕ್ಕೆ ತಲೆದೂಗುತ್ತಿದ್ದರು.

"ಶೇಟ್, ಕಾಚೇಚೆ ಸಗಳೇ ಟಿವಿ ನಾರ್ಮಲ್ ಕರತೋ," ಎಂದ ಚನ್ನವೀರ. ಗಾಜಿನ ಟಿವಿಗಳನ್ನೆಲ್ಲ ಮಾಮೂಲಿಗೆ ತರುತ್ತೇನೆ ಎಂದರೆ ಅಂಗಡಿಯ ಬಾಗಿಲು ಹಾಕುತ್ತೇನೆ ಎಂದಷ್ಟೇ ದೊಡ್ಡ ಮಾತು.

"ಮಾಲ್ ಫಿಕಾ ದಿಸೇಲ್, ಚನ್ನವೀರ," ಎಂದರು ಶೇಟ್. ಸರಕು ಮಂಕಾಗಿ ಕಂಡೀತು ಎಂಬ ಚಿಂತೆ ಅವರಿಗೆ.

"ದಿಸೂ ದ್ಯಾ, ಕಾಣ್ಲಿ ಬಿಡ್ರಿ. ಫಿಕಾ ಅಲ್ಲ ಶೇಟ್, ಖರೇ ಕಾಣ್ತದ." ಗಡಿಬಿಡಿಯಲ್ಲಿ ಮರಾಠಿ ಅರ್ಧಕ್ಕೆ ನಿಂತು ಕನ್ನಡ ಹೊರಗೆ ಬಂದಿತ್ತು. ಶೇಟ್‌ಗೆ ಅದು ಅರ್ಥವಾಯಿತೋ ಇಲ್ಲವೋ. ಮೂವತ್ತು ವರ್ಷದಲ್ಲಿ ಒಂದು ಹೆಚ್ಚಿನ ರಜೆಯನ್ನೂ ಕೇಳದ ಮನುಷ್ಯ ರಿಮೋಟುಗಳನ್ನು ಆಗಲೇ ಬಾಚಿಕೊಂಡು ನಿಂತಿದ್ದು ಮಾತ್ರ ಕಂಡಿತು. ಹತ್ತು ನಿಮಿಷ ಎಂದು ಬೆರಳು ತೋರಿಸಿದರು.

ಹನ್ನೊಂದು ಟಿವಿಗೆ ಹನ್ನೊಂದು ರಿಮೋಟು. ಚನ್ನವೀರ ಒಂದೊಂದನ್ನೇ ತಿರುಗಿಸುತ್ತ ಹೋದ. ಕಾರ್ತಿಕ ಬಾಗಿಲಿಗೆ ಬಂದು, "ಅಂಕಲ್, ಇದು ಮೋಸ ಆಗಲ್ವಾ?" ಎಂದ.

"ಮೋಸ ಇಷ್ಟು ದಿನ ಮಾಡೀನಪ್ಪಾ. ಈಗ ಬಿಡಾಕತ್ತೇನಿ. ಇಬ್ಬರದೂ ಹಚ್ಚೂಣು, ನಿಂದ ಮೊದಲ."

ನೀತಾ ಮತ್ತು ಉಳಿದ ಮೂವರೂ ರಸ್ತೆ ದಾಟಿ ಅಂಗಡಿಯ ಮೆಟ್ಟಿಲಿಗೆ ಬಂದಿದ್ದರು. ಚನ್ನವೀರ ಮುಂಬಯಿಯದನ್ನೇ ಮೊದಲು ಹಚ್ಚಿ ಬಾಗಿಲಿಗೆ ಬಂದ. ಝಗಮಗ ಹೋದ ಮೇಲೆ ಅಲ್ಲಿ ಉಳಿದದ್ದು ಹೊಗೆಯ ನಡುವೆ ಬಾಯಿ ತೆರೆದು ಮುಚ್ಚುವ ಒಬ್ಬ ಹುಡುಗ. ಒಬ್ಬರೂ ತಿರುಗಲಿಲ್ಲ.

ಆಮೇಲೆ ಗಾಜಿನ ಹಿಂದೆ ಬೆಳಗಾಯಿತು. ಬೂದು ಬಣ್ಣದ, ಚಳಿಯ, ನಿಜವಾದ ನಸುಕು. ಒಂದು ಜೊತೆ ಚಪ್ಪಲಿ ಓಡಿತು. ಹಿಂದೆ ಇನ್ನೊಂದು ಜೊತೆ. ಬುತ್ತಿಯ ಡಬ್ಬಿ ತೊಡೆಗೆ ಬಡಿಯಿತು, ಬಸ್ಸಿನ ಬಾಗಿಲು ಬಡಿಯಿತು, ಮತ್ತೆ ಚಪ್ಪಲಿ. ಪಟಪಟ, ಡಬ್, ಪಟಪಟ, ಡಬ್.

ಛತ್ರಿ ಹಿಡಿದ ಒಬ್ಬ ಅಜ್ಜ ನಿಂತ. ಅವನ ಹಿಂದೆ ಬರುತ್ತಿದ್ದ ಕಾಲೇಜಿನ ಇಬ್ಬರು ಹುಡುಗಿಯರು ಅವನಿಗೆ ಡಿಕ್ಕಿ ಹೊಡೆದು ನಿಂತರು. ಸೀರೆ ಅಂಗಡಿಯಿಂದ ಬಂದ ಹೆಂಗಸೊಬ್ಬಳು ಒಂದು ಚೀಲ ಕೆಳಗಿಟ್ಟಳು. ಕಂಪನಿಯ ಯೂನಿಫಾರ್ಮ್ ತೊಟ್ಟಿದ್ದ ಒಬ್ಬ ಸ್ಕೂಟರ್ ನಿಲ್ಲಿಸಿ, ಕಾಲು ಊರಿ, ಸೀಟಿನ ಮೇಲೆ ಬೆರಳಿನಿಂದ ಬಾರಿಸತೊಡಗಿದ. ಬ್ಯಾಂಡಿನ ಡ್ರಮ್ಮಿನ ಹುಡುಗ ಇಂಪನಾಳ ತೋಳು ಹಿಡಿದ. ಸ್ಕೂಟರಿನವನು ಹಾಡು ಕೇಳಿರಲಿಲ್ಲ, ಆದರೂ ಬೆರಳು ಬೀಳುತ್ತಿದ್ದದ್ದು ಸರಿಯಾದ ತಾಳಕ್ಕೆ. ಜನ ಫುಟ್‌ಪಾತಿನಿಂದ ರಸ್ತೆಗೆ ಇಳಿದರು, ಹಿಂದೆ ಆಟೊಗಳು ಹಾರ್ನ್ ಹೊಡೆದವು. ಸೀಟಿ ಊದುತ್ತ ಬಂದ ಟ್ರಾಫಿಕ್ ಪೊಲೀಸು, "ಚಲಾ, ಚಲಾ," ಎಂದು ಎರಡು ಸಲ ಅಂದು, ಸೀಟಿಯನ್ನು ಬಾಯಿಯಲ್ಲೇ ಇಟ್ಟುಕೊಂಡು ನಿಂತುಬಿಟ್ಟ.

ಕಾರ್ತಿಕ ಹೆಗಲಿನ ಲ್ಯಾಪ್‌ಟಾಪ್ ಚೀಲ ಇಳಿಸಿ ಮೆಟ್ಟಿಲ ಮೇಲಿಟ್ಟ. "ನೀತಾ, ಇದ್ರಲ್ಲಿ ನನ್ನ ಮುಖ ಎಷ್ಟ್ ಸಲ ಬರುತ್ತೆ?"

"ಎರಡ ಸಲ."

"ಸಾಕು ಬಿಡು. ಇದನ್ನೇ ಹಾಕೋಣ."

ನೀತಾ ಅಪ್ಪನ ಕಡೆ ತಿರುಗಿದಳು. ಗೆದ್ದೆವು ಅಪ್ಪಾ ಎನ್ನಬೇಕೆಂದಿದ್ದವಳು ಅವನು ನೋಡುತ್ತಿದ್ದ ಕಡೆ ತಾನೂ ನೋಡಿದಳು. ಚನ್ನವೀರ ಅವಳನ್ನೂ ನೋಡುತ್ತಿರಲಿಲ್ಲ, ಟಿವಿಯನ್ನೂ ನೋಡುತ್ತಿರಲಿಲ್ಲ. ಗುಂಪಿನ ಬಲತುದಿಯಲ್ಲಿ ನಾಗವ್ವ ನಿಂತಿದ್ದಳು.

ಮಂಡಯಿಯಿಂದ ಬಂದವಳಿಗೆ ದಾರಿ ಸಿಕ್ಕಿರಲಿಲ್ಲ. ಪರೀಕ್ಷೆಯ ಸುದ್ದಿ ಅಪ್ಪ ಮಗಳು ಅವಳಿಗೆ ಹೇಳಿರಲಿಲ್ಲ, ನಗುತ್ತಾಳೆಂದು. ಮೊದಲು ಅವಳು ಬೆನ್ನು ಮಾಡಿಯೇ ನಿಂತಳು. ಎದುರಿನ ಮುಖಗಳೆಲ್ಲ ತನ್ನ ತಲೆಯ ಮೇಲಿಂದ ಏನನ್ನೋ ನೋಡುತ್ತಿದ್ದುದನ್ನು ಕಂಡು ಹಿಂದಕ್ಕೆ ತಿರುಗಿದಳು. ಸ್ವಲ್ಪ ಹೊತ್ತು ನೋಡಿ ಎಡಗೈಯ ಚೀಲ ಕೆಳಗಿಟ್ಟಳು. ಅದು ಉಳ್ಳಾಗಡ್ಡಿಯದು, ಭಾರ ಇದ್ದೀತು ಎಂದುಕೊಂಡ ಚನ್ನವೀರ. ಬಲಗೈಯದರಿಂದ ಮೆಂತ್ಯೆ ಸೊಪ್ಪು ಹೊರಗೆ ಇಣುಕುತ್ತಿತ್ತು. ನಾಗವ್ವ ಕಣ್ಣು ಕೀಳದೆ ಬಗ್ಗಿ, ಆ ಚೀಲವನ್ನೂ ಲಕ್ಷ್ಮೀ ರಸ್ತೆಯ ಧೂಳಿನಲ್ಲಿಟ್ಟಳು.

ಹಾಡು ಮುಗಿದು ಕನ್ನಡದ ಅಕ್ಷರಗಳು ಬಂದವು. ಹನ್ನೊಂದು ಟಿವಿಗಳಲ್ಲೂ ಒಂದೇ ಸಾಲು. ನಾಗವ್ವ ಬೆರಳು ಚಾಚಿ ನಿಧಾನಕ್ಕೆ ಓದಿದಳು. "ಸಂಕಲನ, ನೀತಾ ಚನ್ನವೀರ." ಗಂಡನನ್ನು ಹುಡುಕಿ ಅವನ ಕಡೆ ತಿರುಗಿದಳು. "ನಮ್ಮ ನೀತಾಂದೇನ್ರಿ ಇದು?"

ಚನ್ನವೀರನಿಗೆ ಅಳು ಬಂದಿತ್ತು. ತಲೆಯಾಡಿಸಿದ.

"ಇನ್ನೊಮ್ಮೆ ಹಚ್ರಿ."

ಅವನು ರಿಮೋಟಿಗೆ ಕೈ ಹಾಕಿದ. ಒಳಗೆ ಹರಿಶ್ಚಂದ್ರ ಶೇಟ್, ಏನನ್ನಿಸಿತೋ, ಅಭಂಗ ಬಂದ್ ಮಾಡಿ ಎದ್ದು ನಿಂತಿದ್ದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಗಡಿ ನಿಶ್ಶಬ್ದವಾಗಿತ್ತು.

"ಆವಾಜ ಕೊಡ್ಲೇನು?" ಎಂದು ಕೇಳಿದ ಚನ್ನವೀರ.

"ಬ್ಯಾಡ್ರಿ," ಎಂದಳು ನಾಗವ್ವ, ಟಿವಿಗಳ ಕಡೆ ತಿರುಗುತ್ತ. "ಹಿಂಗ ಕೇಳಸ್ತದ."

ಚಪ್ಪಲಿಗಳು ಮತ್ತೆ ಓಡಿದವು. ಮೆಂತ್ಯೆ ಸೊಪ್ಪಿನ ಚೀಲ ರಸ್ತೆಯ ಮೇಲೇ ಇತ್ತು.