ಒಂದು ಅಡ್ಡಗೆರೆ

ಆ ಗೆರೆ ಅಲ್ಲಿ ಇರಲೇಬಾರದಿತ್ತು.

ತಂಗಿಯ ಮದುವೆ ಮುಗಿದ ಮರುದಿನ, ಬ್ರಹ್ಮಾವರದ ಮನೆಯಲ್ಲಿ ಚೀಲ ತುಂಬುತ್ತ ಕುಸುಮಾವತಿ ತನ್ನ ಟಿಪ್ಪಣಿ ಪುಸ್ತಕ ತೆರೆದಿದ್ದಳು. ಏಳನೆಯ ಸಾಲಿನ ಅಂಕಿಯ ಎಡಕ್ಕೆ ಒಂದು ಅಡ್ಡಗೆರೆ. ಧನಸಂಖ್ಯೆ ಬರೆಯಬೇಕಾದಲ್ಲಿ ಋಣಸಂಖ್ಯೆ ಬರೆದಿದ್ದಳು.

ಇನ್ನೂ ಯಾರೂ ತಯಾರಿಸದ ಸ್ಫೋಟಕಗಳೊಳಗೆ ಎಷ್ಟು ಶಾಖ ಅಡಗಿರಬಹುದೆಂದು ಲೆಕ್ಕದ ಯಂತ್ರದ ಹಿಡಿ ತಿರುಗಿಸಿ ಹೇಳುವುದು, ಪೂನಾದ ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷಗಳಿಂದ ಅವಳ ಕೆಲಸ. ಯಾವುದೂ ಸಿಡಿದದ್ದನ್ನು ಅವಳು ಕಂಡಿರಲಿಲ್ಲ. ಈಗ ಆ ಗೆರೆಯಿಂದಾಗಿ, ಸಿಡಿಯಲು ಕಾದು ಕೂತಿದ್ದ ವಸ್ತು ಕಾಗದದ ಮೇಲೆ ಸಾಧುವಾಗಿ ಕಾಣುತ್ತಿತ್ತು. ಅವಳು ಕೊಟ್ಟುಬಂದ ಪಟ್ಟಿ ನೋಡಿ ನಾಳೆ ಅಲ್ಲಿನ ರಸಾಯನಜ್ಞ ಆಪ್ಟೆ ಅದನ್ನು ತಯಾರಿಸುವವನಿದ್ದ.

ಬ್ರಹ್ಮಾವರದ ಫೋನು ಕೆಟ್ಟಿತ್ತು. ಬಸ್ಸು ಹಿಡಿದು ಕುಂದಾಪುರದ ಅಂಚೆಕಚೇರಿಗೆ ಬಂದು ಟ್ರಂಕ್ ಕಾಲ್ ಬರೆಸಿದಾಗ ಹತ್ತು ಗಂಟೆ.

"ಪೂನಾ ಬಿಡಿ, ಮಂಗ್ಳೂರೇ ಸಿಕ್ತಿಲ್ಲೆ," ಎಂದ ಗುಮಾಸ್ತ ಪ್ರೇಮಾನಂದ. "ಕೂಕಣಿ," ಎಂದು ಬೆಂಚು ತೋರಿಸಿದ.

"ಅರ್ಜೆಂಟ್ ಅಂದೇಳಿ ಬರ್ಸಿದ್ದೆ."

"ಎಲ್ಲ ಅರ್ಜೆಂಟೇ ಅಮ್ಮ. ಯಾರಿಗಾದ್ರೂ ಹುಷಾರಿಲ್ಯಾ?"

"ಇಲ್ಲೆ."

"ಮತ್ತೆಂತ?"

ಹೇಳುವಂತಿರಲಿಲ್ಲ, ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಸಹಿ ಹಾಕಿ ಕೊಟ್ಟಿದ್ದಳು. "ಒಂದ್ ಲೆಕ್ಕ ತಪ್ಪಾಯ್ತ್."

"ಲೆಕ್ಕ ಅಲ್ದಾ," ಎಂದು ಅವನು ನಿರಾಳವಾಗಿ ಚಹಾಕ್ಕೆ ಎದ್ದ.

ಹನ್ನೆರಡಾಯಿತು. ಎರಡಾಯಿತು. ಅವಳ ನಂತರ ಬಂದ ಹೋಟೆಲಿನ ವೈಕುಂಠರಾಯರಿಗೆ ಬೊಂಬಾಯಿ ಸಿಕ್ಕಿತು. ಅವರು ಮೂರು ನಿಮಿಷ ಗೋಡಂಬಿಯ ವಿಷಯ ಕೂಗಿದರು.

"ಅವ್ರಿಗೆ ಹ್ಯಾಂಗೆ ಸಿಕ್ತ್?"

"ಅವ್ರದ್ದ್ ಬಂತ್. ನಿಮ್ದ್ ಬರ್ಲಿಲ್ಲೆ. ನಾನೆಂತ ಮಾಡುದ್?"

ಬೆಂಚಿನ ಮೇಲೆ ಕೂತು ಆಪ್ಟೆಯ ಬೆರಳುಗಳನ್ನು ನೆನೆದಳು. ಕೆಲಸ ಮಾಡುವಾಗ ಅವನು ಸಣ್ಣಗೆ ಗುನುಗುತ್ತಿದ್ದ. ಒಂದು ಕ್ಷಣ, ಸಿಡಿದೇಬಿಡಲಿ, ತಾನು ಬರೆದದ್ದರಿಂದ ಒಮ್ಮೆಯಾದರೂ ಏನಾದರೂ ಆಗಲಿ ಎನ್ನಿಸಿತು. ನಾಚಿಕೆಯಾಗಿ ಎದ್ದು ಹೋಗಿ ನೀರು ಕುಡಿದಳು.

ನಾಲ್ಕಕ್ಕೆ ಲೈನು ಬಂತು. ಇಂಗ್ಲಿಷಿನಲ್ಲಿ ಕೂಗಿದಳು: "ಆಪ್ಟೆ, ಏಳನೆಯ ಸಾಲು. ಎಡಗಡೆಯ ಗೆರೆ ತೆಗೆಯಿರಿ. ನಾಳೆ ಏನನ್ನೂ ಮುಟ್ಟಬೇಡಿ."

"ಯಾವ ಏಳು?"

"ನನ್ನ ಪಟ್ಟಿಯಲ್ಲಿ."

"ಓ, ಅದೇ. ಅದನ್ನು ಸಾಹೇಬರು ಕೈಬಿಟ್ಟು ಎರಡು ವಾರವಾಯಿತಲ್ಲ."

"ತಪ್ಪು ಕಂಡಿತೇ?"

"ಇಲ್ಲಪ್ಪ, ಪಟ್ಟಿ ಯಾರು ನೋಡಿದರು? ಕಚ್ಚಾ ಸಾಮಾನು ಸಿಗಲಿಲ್ಲ. ನಿಮಗೆ ಯಾರೂ ಹೇಳಲಿಲ್ಲವೇ? ಮದುವೆ ಚೆನ್ನಾಗಿ..."

ಮೂರು ನಿಮಿಷ ಮುಗಿದು ಲೈನು ಕಡಿಯಿತು.

ಯಾರೂ ಸಾಯುವುದಿಲ್ಲ. ಸಮಾಧಾನವಾಗಬೇಕಿತ್ತು. ರಿಸೀವರನ್ನು ಎಷ್ಟು ಜೋರಾಗಿ ಇಟ್ಟಳೆಂದರೆ ಪ್ರೇಮಾನಂದ ತಲೆಯೆತ್ತಿ ನೋಡಿದ.

"ಲೆಕ್ಕ ಸರಿ ಆಯ್ತಾ?"

"ಆಯ್ತ್."

ಹೊರಗೆ, ಗಂಗೊಳ್ಳಿಯ ಮೀನಿಗೆಂದು ಹೊರಟಿದ್ದ ಲಾರಿಯಿಂದ ಮಂಜುಗಡ್ಡೆಯೊಂದು ರಸ್ತೆಗೆ ಬಿದ್ದಿತ್ತು. ಸೊಂಟಕ್ಕೆ ಬೈರಾಸು ಸುತ್ತಿದ ಇಬ್ಬರು ಕೂಲಿಯವರು ಎತ್ತಲು ನೋಡಿದರು, ಜಾರಿತು. ಇನ್ನೊಮ್ಮೆ ನೋಡಿದರು. ಲಾರಿಯವನು ಹಾರನ್ ಒತ್ತಿದ, ಅಲ್ಲೇ ಬಿಟ್ಟು ಹೋದರು.

ಬ್ರಹ್ಮಾವರದ ಬಸ್ಸು ಬಂದು ನಿಂತಿತು. "ಹ್ವಾಯ್ ಅಮ್ಮ, ಬತ್ರಿಯಾ?" ಎಂದ ಕಂಡಕ್ಟರ್.

"ಬತ್ತೆ," ಎಂದಳು. ಹತ್ತಲಿಲ್ಲ.

ಬಿಸಿಲಿನಲ್ಲಿ ಗಡ್ಡೆಯಿಂದ ಹೊಗೆಯಂಥದ್ದು ಏಳುತ್ತಿತ್ತು, ಒಳಗೆ ಬೆಂಕಿ ಹಿಡಿದಂತೆ. ಒಂದು ನಾಯಿ ಹತ್ತಿರ ಬಂದು, ಅಂಜಿ, ಮೂಸಿ, ನಿಧಾನವಾಗಿ ಅದನ್ನು ನೆಕ್ಕತೊಡಗಿತು.