ಆಕೀಗೊಂದು ಮನಿ

ಶೈಲಜಾ ಗಂಡನ ಚೀಲವನ್ನು ನಡುಮನೆಯ ನೆಲದ ಮೇಲೆ ಬೋರಲು ಹಾಕಿ ಎರಡು ಸಲ ಕೊಡವಿದಳು. ಒಗೆದು ಮಡಚಿದ ಟವೆಲ್ಲು, ಮೂರು ಬ್ರಶ್ಶು, ಎಲೆ ಅಡಿಕೆಯ ಡಬ್ಬಿ ಬಿದ್ದವು. ಮೂರನೆಯ ಸಲ ಕೊಡವಿದಾಗ ನೀಲಿ ರಟ್ಟಿನ ಒಂದು ನೋಟುಬುಕ್ಕು ಬಿತ್ತು.

ಹೊರಗೆ ಪಡಸಾಲೆಯಲ್ಲಿ ಸತ್ತ ಮಡಿವಾಳೆಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಭಜನೆಯವರು ತಾಳ ಹಾಕುತ್ತಿದ್ದರು. ಬಂದವರು ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ, ಕೈಮುಗಿದು ಸರಿದು ಕೂರುತ್ತಿದ್ದರು. ಓಣಿಯ ಮಂದಿಯೆಲ್ಲ ಹಚ್ಚಿಯಾಗಿತ್ತು. ಹೆಂಡತಿಯೊಬ್ಬಳು ಮಾತ್ರ ಇನ್ನೂ ಹಚ್ಚಿರಲಿಲ್ಲ.

“ವೈನಿ, ಮಂದಿ ನೋಡಾಕತ್ತೈತಿ. ಬರ್ರಿ, ಒಂದೀಟ ವಿಭೂತಿ ಹಚ್ಚರಿ,” ಎಂದು ಬಾಯವ್ವ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. ಅವಳು ಸತ್ತವನ ತಂಗಿ. ನಸುಕಿನಲ್ಲಿಯೇ ಸಂಪಗಾಂವದಿಂದ ಬಂದಿದ್ದಳು.

“ಹಚ್ಚತೇನಿ. ಮೊದಲ ನಿಮ್ಮಣ್ಣ ಯರಗಟ್ಟ್ಯಾಗ ಏನ ಮಾಡಾಕತ್ತಿದ್ರು ಅಂತ ತಿಳೀಲಿ.”

ಬಾಯವ್ವ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಅತ್ತಿಗೆಯ ಈ ಪ್ರಶ್ನೆಯನ್ನು ಅವಳೂ ನಿನ್ನೆಯಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಗುರುವಾರ ಬೆಳಿಗ್ಗೆ ಸವದತ್ತಿಯಲ್ಲಿ ಒಂದು ಬೋರ್ಡಿನ ಕೆಲಸವಿದೆ ಎಂದು ಮನೆ ಬಿಟ್ಟ ಮನುಷ್ಯ ಮಧ್ಯಾಹ್ನ ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಹೇಳಿದ್ದು ಸವದತ್ತಿ, ಸತ್ತದ್ದು ಯರಗಟ್ಟಿ. ಎರಡು ವರ್ಷದ ಅಷ್ಟೂ ಗುರುವಾರ ಅವನು ಹೇಳಿದ್ದು ಸವದತ್ತಿಯೇ.

ಶೈಲಜಾಳ ಸಂಶಯದ ವಿಷಯ ಬೈಲಹೊಂಗಲದ ಆ ಓಣಿಗೆ ಹೊಸದಲ್ಲ. ಹಾಲಿನವನ ಹಾಲು, ಕಿರಾಣಿಯವನ ತಕ್ಕಡಿ, ಟೀವಿಯವನ ಮಳೆ ಯಾವುದನ್ನೂ ಆಕೆ ಸುಮ್ಮನೆ ನಂಬಿದವಳಲ್ಲ. ಬೀಗರ ಮನೆಯ ಮದುವೆ ಕಾರ್ಡು ಬಂದರೂ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಆದರೆ ಇವತ್ತಿನ ಸಂಶಯಕ್ಕೆ ಹಲ್ಲಿತ್ತು. ಅವಳು ನೋಟುಬುಕ್ಕು ತೆರೆದಳು. ಪೇಂಟರನ ದುಂಡನೆಯ ಅಕ್ಷರ, ಮುತ್ತು ಪೋಣಿಸಿದ ಹಾಗೆ.

“ಮನಿ ೧. ಮಂದಿ ಭಾಳ ಅಡ್ಡಾಡತಾರ, ಬಾಡಿಗಿ ಇಲ್ಲ. ಆದರ ನಮ್ಮ ಬಣ್ಣ ಹಚ್ಚಾಕ ಬಿಡೂದಿಲ್ಲ. ಮೆಟ್ಟಲಾ ಇಳದಂಗ ಕೆಳಗ ಕೆಳಗ ಇಳೀಬೇಕು. ಆಕೀಗೆ ಅಡ್ಡ ಜಾಗಾ ಬೇಕು.

“ಮನಿ ೨. ಬಣ್ಣ, ಬಾಗಲಾ, ಎಲ್ಲಾ ನಮಗ ಬೇಕಾದಂಗ. ಬಾಗಲದ ಮ್ಯಾಲ ನಮ್ಮ ಹೆಸರ ಹಾಕಬಹುದು. ಆದರ ಓಣಿ ಖಾಲಿ.

“ಮನಿ ೩. ಪಾಡ ಐತಿ. ಆದರ ಮೊದಲಿನ ಮನಿ ಮಾಲಕನಂಗ ಇವನೂ ಹೇಳದ ಕೇಳದ ಕೀಲಿ ಹಾಕಿದ್ರ? ಆಕಿ ಸಾಮಾನ ಎಲ್ಲಾ ಹೋದಾವು.”

ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು: “ಆಕೀಗೆ ಒಂದ ಮನಿ ಸಾಲೂದಿಲ್ಲ. ಮಂದಿ ನೋಡಬೇಕಂದ್ರ ೧. ಮರ್ಯಾದಿಲೆ ಇರಬೇಕಂದ್ರ ೨. ಪೂನಮ್ ಹೂಂ ಅಂದ್ಲು.”

ಬಾಯವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ ಶಿವನ! ಮನಿ ಮಾಡಿ ಇಟ್ಟಾನಲ್ಲ ವೈನಿ ನಮ್ಮಣ್ಣ!”

ಶೈಲಜಾ ನೋಟುಬುಕ್ಕು ಮುಚ್ಚಿದಳು. ಇಂಥ ಗಂಡನ ಹಣೆಗೆ ತಾನು ವಿಭೂತಿ ಹಚ್ಚಬೇಕೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಹಚ್ಚದೆ ಕಳಿಸಿದರೆ ತಾನು ಸಾಯುವ ತನಕ ಊರು ಆಡಿಕೊಳ್ಳುತ್ತದೆ. ಹಚ್ಚಿ ಕಳಿಸಿದರೆ ತನ್ನ ಮುಖವನ್ನು ತಾನೇ ನೋಡಿಕೊಳ್ಳುವುದು ಹೇಗೆ?

*

ಫ್ಲೆಕ್ಸ್ ಬರುವ ಮೊದಲು ಬೈಲಹೊಂಗಲದ ಪೇಟೆಯಲ್ಲಿ ಮಡಿವಾಳೆಪ್ಪ ಬೋರ್ಡು ಬರೆಯದ ಅಂಗಡಿ ಇರಲಿಲ್ಲ. ಗಾಜಿನ ಕೆಲಸದಲ್ಲಂತೂ ಅವನಿಗೆ ಸಮನಿರಲಿಲ್ಲ. ಗಾಜಿನ ಬೆನ್ನಿಗೆ ಅಕ್ಷರವನ್ನು ಉಲ್ಟಾ ಬರೆದು, ಮುಂದಿನಿಂದ ಸರಿಯಾಗಿ ಓದಿಸುವುದು ಎಲ್ಲರ ಕೈಗೆ ದಕ್ಕುವ ಮಾತಲ್ಲ. ಫ್ಲೆಕ್ಸ್ ಬಂದ ಮೇಲೆ ಅವನಿಗೆ ಉಳಿದದ್ದು ಡಾಕ್ಟರು, ವಕೀಲರ ಹೆಸರಿನ ಗಾಜು ಮಾತ್ರ. ಅದನ್ನು ಅವನು ಮನೆಯಲ್ಲಿಯೇ, ಒಲೆಯ ಕೋಣೆಯಲ್ಲಿ ಆಚೆ ಬದಿಯ ಗೋಡೆಗೆ ಮುಖ ಮಾಡಿ, ಮಣೆಯ ಮೇಲೆ ಕೂತು ಬರೆಯುತ್ತಿದ್ದ. ಹೆಂಡತಿ ಇತ್ತ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಹೊತ್ತೇರಿ ಹೊತ್ತ ಮುಳಗೂತನಾ ನನಗ ಬೆನ್ನ ತೋರಿಸಿ ಕುಂದರ್ತೀರಿ. ಗ್ವಾಡಿ ಜೋಡಿ ಸಂಸಾರ ಮಾಡತೀರೇನು?” ಎಂದು ಅವಳು ಕೇಳುತ್ತಿದ್ದಳು.

ಅವನ ಭುಜ ಸಣ್ಣಗೆ ಅಲುಗುತ್ತಿತ್ತು.

“ಯಾಕ ನಗಾಕತ್ತೀರಿ?”

“ಎಲ್ಲಿ ನಗೂದು? ಕೆಮ್ಮು ಬಂತು.”

ಕೆಮ್ಮಿಗೂ ನಗೆಗೂ ವ್ಯತ್ಯಾಸ ಗೊತ್ತಿಲ್ಲದ ಹೆಂಗಸೇ ಅವಳು? ಆದರೂ ಹಿಡಿಯಲು ತುದಿ ಸಿಗುತ್ತಿರಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಮದುವೆಯಾದ ಹತ್ತನೆಯ ವರ್ಷ ಅತ್ತೆ ಕಿತ್ತೂರಿನ ಒಂದು ಹೆಣ್ಣು ನೋಡಿ ಮಗನನ್ನು ಕೂರಿಸಿಕೊಂಡು ಕೇಳಿದ್ದಳು. ಮಡಿವಾಳೆಪ್ಪ ಎದ್ದು ಚಪ್ಪಲಿ ಮೆಟ್ಟುತ್ತ, “ನನಗ ಒಂದ ಮನಿ ಸಾಕಬೇ,” ಎಂದಿದ್ದ. ಬೇರೆ ಹೆಂಗಸಾಗಿದ್ದರೆ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದಳು. ಶೈಲಜಾ ಮಾತ್ರ ಇಷ್ಟು ಲಗೂನೆ ಹೇಗೆ ಒಲ್ಲೆ ಅಂದ ಎಂದು ಎಂಟು ದಿನ ನಿದ್ದೆಗೆಟ್ಟಿದ್ದಳು.

*

ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಇಪ್ಪತ್ತೈದು ಇಪ್ಪತ್ತಾರು ವಯಸ್ಸು, ಹೆಗಲಿಗೆ ಬ್ಯಾಗು, ಅತ್ತು ಕೆಂಪಾದ ಕಣ್ಣು. ಕಟ್ಟೆ ಹತ್ತದೆ ಅಂಗಳದಲ್ಲಿಯೇ ನಿಂತು ಮಡಿವಾಳೆಪ್ಪನ ಕಡೆ ನೋಡಿ ಬಿಕ್ಕಿದಳು.

“ಯಾರವ್ವ ನೀ? ಯಾರ ಪೈಕಿ?” ಎಂದು ಬಾಯವ್ವ ಕೇಳಿದಳು.

“ಪೂನಮ್ ಅಂತ್ರಿ. ಯರಗಟ್ಟಿ ಹನುಮಪ್ಪನ ಮಗಳು. ಬಸ್‌ಸ್ಟ್ಯಾಂಡ್ ಮುಂದ ನಂದ ಝೆರಾಕ್ಸ್ ಅಂಗಡಿ ಐತ್ರಿ.”

ಭಜನೆ ನಡೆದೇ ಇತ್ತು, ಆದರೆ ತಾಳ ಹಾಕುವವರ ಕಣ್ಣೂ ಇತ್ತ ಹೊರಳಿದವು. ಶೈಲಜಾ ಹೊರಗೆ ಬಂದಳು. ಹುಡುಗಿಯ ರಟ್ಟೆ ಹಿಡಿದು, ಪಡಸಾಲೆಯ ನಡುವೆಯೇ ಹಾಯಿಸಿ, ಹಿತ್ತಿಲಿಗೆ ಕರೆದುಕೊಂಡು ಹೋದಳು. ಬಾಯವ್ವ ಹಿಂದೆಯೇ ಬಂದಳು.

“ಮನಿ ಎಲ್ಲೈತಿ ತೋರ್ಸು,” ಎಂದು ನೋಟುಬುಕ್ಕನ್ನು ಅವಳ ಮುಖಕ್ಕೆ ಹಿಡಿದಳು ಶೈಲಜಾ. “ಯಾವಾಕೀಗೆ ಮಾಡ್ಯಾರ, ನಿನಗೋ, ಇನ್ನ ಯಾವಾಕೀಗೋ? ಅವರನ್ನ ಎತ್ತೂದರಾಗ ನನಗ ತಿಳೀಬೇಕು.”

ಪೂನಮ್ ನೋಟುಬುಕ್ಕು ನೋಡಿದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅಳುವಿನ ನಡುವೆಯೇ ಗಕ್ಕನೆ ನಗೆ ಬಂದು, ನಾಚಿ ಬಾಯಿ ಮುಚ್ಚಿಕೊಂಡಳು.

“ಕಾಕು, ಇವು ಮನಿ ಅಲ್ರಿ, ಸೈಟ್ ರೀ. ಫೋನ್‌ನ್ಯಾಗ ಚಿತ್ರದ ಕತಿ ಹಾಕೂ ಜಾಗಾ. ಪೇಂಟರ್ ಕಾಕಾ ಚಿತ್ರ ಬರ್ಕೊಂಡ ಬರ್ತಿದ್ರು, ನಾ ಸ್ಕ್ಯಾನ್ ಮಾಡಿ ಏರಸ್ತಿದ್ದೆ. ‘ಸೈಟ್ ಅಂದ್ರ ಖಾಲಿ ಜಾಗಾ, ಚಿತ್ರ ಕಟ್ಟಿದ ಮ್ಯಾಲ ಮನಿ ಆತ ನೋಡ’ ಅಂತಿದ್ರು. ಕಡೀತನಾ ಮನಿ ಅಂತನ ಬರದ್ರು.”

“ಮೆಟ್ಟಲಾ?” ಎಂದಳು ಶೈಲಜಾ, ಬಿಡದೆ.

“ಮೊದಲನೇ ಸೈಟಿನ್ಯಾಗ ಚಿತ್ರ ಉದ್ದಕ ಕೆಳಗ ಸರಸ್ಕೊಂತ ನೋಡಬೇಕ್ರಿ. ಅಡ್ಡ ಚಿತ್ರ ಹಾಕಾಕ ಬರೂದಿಲ್ಲ. ಬಣ್ಣ, ಅಕ್ಷರ ಎಲ್ಲಾ ಅವರ ಹೇಳಿದಂಗ. ಒತ್ತಕ್ಷರ ಒಡದ ಹೋಗ್ತಿದ್ವು, ಕಾಕಾ ನೋಡಿ ಕಣ್ಣ ಮುಚ್ಚಕೋತಿದ್ರು. ಎರಡನೇದರಾಗ ಎಲ್ಲಾ ನಮ್ಮ ಕೈಯಾಗ, ಆದರ ನೋಡಾವರ ಇಲ್ಲ. ಇವಕ್ಕಿಂತ ಮೊದಲ ಒಂದ ಸೈಟ್ ಇತ್ತು. ಅದು ಒಂದ ದಿನ ಬಂದ್ ಆಗಿ ನಲವತ್ತ ಚಿತ್ರ ಹೋದ್ವು. ಕಾಕಾ ಎಲ್ಲಾ ಮತ್ತ ಕುಂತ ಬರದ್ರು. ಮೂರನೇದೂ ಹಂಗ ಆದೀತಂತ ಬಿಟ್ರು.”

“ಬೈಲಹೊಂಗಲದಾಗ ಝೆರಾಕ್ಸ್ ಅಂಗಡಿ ಇಲ್ಲೇನು?” ಎಂದಳು ಬಾಯವ್ವ.

“ಇಲ್ಲಿ ಏರಿಸಿದ್ರ ಸಂಜೀಕ ಕಾಕು ಕಿವೀಗೆ ಬೀಳತೈತಿ ಅಂತಿದ್ರು.”

ಪೂನಮ್ ಫೋನು ತೆರೆದು ಶೈಲಜಾಳ ಕೈಗೆ ಕೊಟ್ಟಳು. ಮೇಲೆ ಗಂಡನ ಅಕ್ಷರದಲ್ಲಿಯೇ ಹೆಸರಿತ್ತು: ಗುಮಾನಿ ಗಂಗವ್ವ. ಕೆಳಗೆ ಒಬ್ಬ ದಪ್ಪ ಹೆಂಗಸು ಸಿಲಿಂಡರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಮೂಸುತ್ತಿದ್ದಳು. “ಸೀಲ್ ಖರೇನ ಐತಿ. ಸೀಲ್ ಹಚ್ಚಿದಾವ ಖರೆ ಅದಾನೇನು?” ಮುಂದಿನದರಲ್ಲಿ ಅದೇ ಹೆಂಗಸು ಟೀವಿಯತ್ತ ಬೆರಳು ತೋರಿಸುತ್ತಿದ್ದಳು. “ನಾಳೆ ಮಳಿ ಬರತೈತಂತ. ಇವಗ ಯಾರ ಹೇಳಿದ್ರು?”

ಎರಡೂ ಅವಳದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಳಗೆ ಯಾರು ಯಾರೋ ಬರೆದಿದ್ದರು: ನಮ್ಮವ್ವನೂ ಹಿಂಗ, ಗಂಗವ್ವಗ ಉಧೋ ಉಧೋ, ಮುಂದಿಂದು ಯಾವಾಗ್ರಿ?

ಶೈಲಜಾಳ ಕಿವಿ ಬಿಸಿಯಾದವು. “ಊರ ಮಂದಿ ಮುಂದ ನನ್ನ ನಗಿಗೀಡ ಮಾಡ್ಯಾರಲ್ಲ!”

“ಇಲ್ರಿ ಕಾಕು, ಮಂದಿ ಜೀವಾ ಬಿಡತಾರ ಆಕಿ ಮ್ಯಾಲ. ನಿಮಗ ತೋರ್ಸರಿ ಅಂತ ಎಷ್ಟ ಸಲ ಹೇಳಿದ್ನಿ. ‘ಈಗ ತೋರಿಸಿದ್ರ ಆಕಿ ತೂಗಿ ಮಾತಾಡಾಕ ಸುರು ಮಾಡ್ತಾಳ, ಆಗ ನಾ ಏನ ಬರೀಲಿ? ಮೊದಲ ಆಕೀಗೊಂದು ಬೇಷ್ ಮನಿ ಆಗ್ಲಿ, ಕರಕೊಂಡ ಬಂದ ತೋರಸ್ತೇನಿ’ ಅಂತಿದ್ರು. ನಿನ್ನೆ ಅದ ಎರಡನೇ ಮನಿ ಬಣ್ಣ ಆರಸಿ ಎದ್ದ ಹೋದ್ರು. ಬಸ್ಸಿಗೆ...”

ಬಾಯವ್ವ ಮೂಗು ಒರೆಸಿಕೊಂಡಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶೈಲಜಾ ಇನ್ನೂ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದೇ ಇದ್ದಳು.

“ಈಕಿ ನಾ ಅಲ್ಲ,” ಎಂದಳು.

“ಏನ್ರಿ?”

“ನನ್ನ ಮೂಗಬಟ್ಟ ನೋಡು, ಎಡಕ್ಕ ಐತಿ. ಈಕೀದು ಬಲಕ್ಕ. ಇಲ್ಲಿ ನೋಡು, ರೊಟ್ಟಿ ಎಡಗೈಲೆ ಬಡ್ಯಾಕತ್ತಾಳ. ಎಲ್ಲಾ ಚಿತ್ರದಾಗೂ ಹಂಗ. ಮೂವತ್ತ ವರ್ಷ ಬಾಳೇ ಮಾಡಿದ ಹೇಂತಿ ಮೂಗು ಯಾವ ಕಡೆ ಚುಚ್ಚೈತಿ ಅಂತ ಗೊತ್ತಿಲ್ಲೇನು ಪೇಂಟರಗ?”

ಪೂನಮ್ ತಡವರಿಸಿದಳು. “ನಾನೂ ಕೇಳಿದ್ದೆ ಕಾಕು. ಆಕಿ ಎಡಚಿ ಏನ್ರಿ ಅಂತ. ‘ನಾ ದಿನಾ ನೋಡಾಕಿ ಹಂಗ ಅದಾಳ’ ಅಂದ್ರು.”

ಬಾಯವ್ವನ ಮುಖ ಮತ್ತೆ ಬಿಗಿಯಿತು. ಶೈಲಜಾಳಿಗೆ ಮೊದಲಿಗಿಂತ ಹೆಚ್ಚು ಸಂಕಟವಾಯಿತು. ಮಾತು ತನ್ನದು, ಮೂಗು ಇನ್ನೊಬ್ಬಳದು! ದಿನಾ ನೋಡುವ ಎಡಚಿ ಯಾವಳು? ತನ್ನ ಮಾತನ್ನು ಕದ್ದು ಒಯ್ದು ಯಾವಳ ಬಾಯಲ್ಲಿ ಇಟ್ಟ?

“ತಂಗಿ, ಅಯ್ಯನವರು ಬಂದ್ರು. ವಿಮಾನ ತಯಾರ ಐತಿ,” ಎಂದು ಪಡಸಾಲೆಯಿಂದ ನೆರೆಮನೆಯ ದುಂಡಪ್ಪ ಕೂಗಿದ. ಹೆಣ ಒಯ್ಯುವ ವಿಮಾನ ಕಟ್ಟಿಸುವುದರಿಂದ ಹಿಡಿದು ಎಲ್ಲ ಓಡಾಟ ಅವನದೇ. “ನಿಂದ ಒಂದ ವಿಭೂತಿ ಉಳದೈತಿ. ಬಾ.”

“ನಾ ಹಚ್ಚಂಗಿಲ್ಲ!”

ಹೊರಗೆ ತಾಳ ಒಂದು ಪೆಟ್ಟು ತಪ್ಪಿತು. ಶೈಲಜಾ ದಡದಡ ಒಲೆಯ ಕೋಣೆಗೆ ನಡೆದಳು. ಗಂಡನ ಮೂಲೆಯ ರಟ್ಟುಗಳನ್ನೆಲ್ಲ ಎಳೆದು ಹಾಕಿದಳು. ಫೋಟೋ ಇರಬೇಕು, ಯಾವಳದಾದರೂ ಒಂದು ಫೋಟೋ ನೋಡದೆ ಅಷ್ಟು ಚಿತ್ರ ಬರೆಯಲು ಬರುವುದಿಲ್ಲ. ಫೋಟೋ ಸಿಗಲಿಲ್ಲ. ಕಡೆಗೆ ಅವನ ಮಣೆಯ ಮೇಲೆಯೇ ಕೂತಳು. ಇಷ್ಟು ವರ್ಷದಲ್ಲಿ ಅವಳು ಅಲ್ಲಿ ಕೂತದ್ದು ಅದೇ ಮೊದಲು. ನೆಲ ಸಾರಿಸುವಾಗಲೂ ಬಣ್ಣದ ಡಬ್ಬಿ ಉರುಳೀತು ಎಂದು ಆ ಮೂಲೆ ಬಿಡುತ್ತಿದ್ದಳು.

ಕೂತವಳ ಕಣ್ಣಿಗೆ ನೇರವಾಗಿ ಗೋಡೆಯಲ್ಲಿ ಅಂಗೈಯಗಲದ ಒಂದು ಕನ್ನಡಿ ಇತ್ತು. ಗಾಜಿನ ಮೇಲಿನ ಉಲ್ಟಾ ಅಕ್ಷರ ಸರಿಯಿದೆಯೇ ಎಂದು ನೋಡಲು ಪೇಂಟರು ಇಟ್ಟುಕೊಳ್ಳುವಂಥದ್ದು. ಅದು ಕೆಳಗಿನ ಗಾಜಿನತ್ತ ಬಾಗಿರಬೇಕಿತ್ತು. ಬಾಗಿರಲಿಲ್ಲ. ತುಸು ಓರೆ ಮಾಡಿ, ಅಲುಗದ ಹಾಗೆ ತಂತಿಯಿಂದ ಮೊಳೆಗೆ ಬಿಗಿದು ಕಟ್ಟಿದ್ದ. ಅದರೊಳಗೆ ಒಲೆ ಕಾಣುತ್ತಿತ್ತು. ಒಲೆಯ ಮುಂದೆ ಅವಳು ಕೂರುವ ಜಾಗ, ಅಲ್ಲಿ ಸವೆದ ನೆಲ, ಗೋಡೆಗೆ ಅವಳು ತಲೆ ಆನಿಸಿ ಆನಿಸಿ ಆದ ಎಣ್ಣೆಯ ಕಲೆ, ಎಲ್ಲವೂ ಒಂದು ಚೌಕದೊಳಗೆ ಅಳತೆ ಮಾಡಿ ಇಟ್ಟ ಹಾಗೆ ಕೂತಿದ್ದವು.

ಶೈಲಜಾ ಮುಂದಕ್ಕೆ ಬಗ್ಗಿದಳು. ಒಲೆಗೆ ಅಡ್ಡವಾಗಿ ಅವಳ ಮುಖ ಬಂತು. ಮೂಗಬಟ್ಟು ಬಲಕ್ಕಿತ್ತು. ಬಲಗೈ ಎತ್ತಿ ಅದನ್ನು ಮುಟ್ಟಿಕೊಂಡಳು. ಕನ್ನಡಿಯ ಹೆಂಗಸು ಎಡಗೈ ಎತ್ತಿದಳು.

ಮೊದಲು ಬಂದದ್ದು ಸಿಟ್ಟು. ಬೆನ್ನು ತೋರಿಸಿ ಕೂತು ಎಷ್ಟು ವರ್ಷದಿಂದ ನೋಡುತ್ತಿದ್ದ ಈ ಕಳ್ಳ? ಮಕ್ಕಳಿಲ್ಲವೆಂದು ಸೆರಗು ಕಚ್ಚಿ ಅತ್ತದ್ದನ್ನೂ ನೋಡಿದ್ದನೇ? ಕೇಳೋಣವೆಂದರೆ ಉತ್ತರ ಹೇಳುವವನು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ನಿನ್ನೆಯಿಂದ ಬಾರದ ಅಳು ಆಗ ಬಂತು. ಅವಳು ಬಾಯಿಗೆ ಸೆರಗು ಒತ್ತಲಿಲ್ಲ. ಹೊರಗೆ ಕೇಳುವ ಹಾಗೆ, ಎದೆ ಬಿಚ್ಚಿ ಅತ್ತಳು.

ಅವಳು ಪಡಸಾಲೆಗೆ ಬಂದಾಗ ಭಜನೆ ನಿಂತಿತು. ಮಂದಿ ದಾರಿ ಬಿಟ್ಟರು. ವಿಭೂತಿಯ ತಟ್ಟೆಗೆ ಬಲಗೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡು ಎಡಗೈಯ ಮೂರು ಬೆರಳು ಅದ್ದಿದಳು.

“ವೈನಿ, ಬಲಗೈ! ಬಲಗೈರಿ!” ಎಂದು ಬಾಯವ್ವ ಗಾಬರಿಯಾಗಿ ಕೂಗಿದಳು.

“ಪೂಜ್ಯಾಗ ಲಿಂಗ ಹಿಡಿಯೂ ಕೈಯವ್ವಾ ಅದು. ಹಚ್ಚಲಿ, ಸುಮ್ಮಿರ,” ಎಂದರು ಅಯ್ಯನವರು.

ಆ ಕೈಗೆ ರೂಢಿಯಿರಲಿಲ್ಲ. ಮೂರು ಗೆರೆಗಳೂ ಡೊಂಕಾಗಿ, ಒಂದರ ಮೇಲೊಂದು ಹತ್ತಿ, ಹುಬ್ಬಿನ ತನಕ ಇಳಿದವು. ದುಂಡಪ್ಪ ಒರೆಸಿ ಸರಿ ಮಾಡಲು ಟವೆಲ್ಲಿನ ತುದಿ ಒದ್ದೆ ಮಾಡಿಕೊಂಡು ಬಂದ. ಶೈಲಜಾ ಅವನ ಕೈ ಹಿಡಿದಳು.

“ಇರ್ಲಿ ಬಿಡ್ರಿ ಅಣ್ಣಾ.”

ನಾಲ್ಕು ಜನ ಸೇರಿ ಮಡಿವಾಳೆಪ್ಪನನ್ನು ಎತ್ತಿ ವಿಮಾನದಲ್ಲಿ ಕೂರಿಸಿದರು. ಆಯುಷ್ಯವಿಡೀ ಒಂದು ಗೆರೆ ಡೊಂಕು ಬರೆಯದ ಮನುಷ್ಯ, ಹಣೆಯ ತುಂಬ ಡೊಂಕು ಗೆರೆ ಹೊತ್ತು ಓಣಿಯ ತಿರುವು ದಾಟಿದ.