ತ್ರಿಶಂಕು ಮೇಷ್ಟ್ರು

"ಇಳಿಸಿ," ಎಂದಳು ಮೇಷ್ಟ್ರ ಹೆಂಡತಿ.

ಹೆಗಲು ಕೊಟ್ಟಿದ್ದ ನಾಲ್ವರೂ ಹೊಸ್ತಿಲಲ್ಲೇ ನಿಂತರು. ಎತ್ತಿದ ಹೆಣ ಇಳಿಸುವುದುಂಟೇ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇಳಿಸಿದರು.

"ಮಗ ಬರ್ಲಿ. ಅಪ್ಪನ ಮುಖ ನೋಡ್ಬೇಡ್ವಾ ಅವ್ನು?"

ಮಗ ನೀರು ತುಂಬಿದ ಹಳೆಯ ಕಲ್ಲುಕ್ವಾರಿ ಕಡೆ ಆಡಲು ಹೋಗಿ ಕಾಣೆಯಾಗಿ ವರ್ಷಗಳೇ ಆಗಿದ್ದವು. ನೀರಿಗಿಳಿದವರು ಹುಡುಕಿ ಹುಡುಕಿ ಕೈಚೆಲ್ಲಿದ್ದರು. ಮುಳುಗಿದ ಎಂದು ಊರೆಲ್ಲ ಹೇಳಿದರೂ, ಎಲ್ಲೋ ಓಡಿಹೋಗಿದ್ದಾನೆ, ಬಂದೇ ಬರುತ್ತಾನೆ ಎಂದು ಈಕೆಯ ಹಟ. ಬೀದಿಬಾಗಿಲಿಗೆ ಅಂದಿನಿಂದ ಚಿಲಕ ಹಾಕಿದ್ದಿಲ್ಲ.

"ಅಕ್ಕಾ, ಬಿಸಿಲೇರ್ತಿದೆ," ಎಂದ ಆಕೆಯ ತಮ್ಮ. "ಎಷ್ಟೊತ್ತು ಅಂತ ಕಾಯೋದು?"

"ಅವಸರ ಇದ್ರೆ ನೀನು ಹೋಗಪ್ಪಾ."

ಅಂಗಳದಲ್ಲಿ ಹಳೆಯ ವಿದ್ಯಾರ್ಥಿಗಳು ಗುಸುಗುಸು ಮಾತಾಡುತ್ತಿದ್ದರು. ಅವರಲ್ಲಿ, ಪಂಪ್ ರಿಪೇರಿ ಅಂಗಡಿ ಇಟ್ಟು ಎಲ್ಲರ ಬಾಯಲ್ಲಿ ಪಂಪಕ್ಕ ಆಗಿದ್ದವಳು ಮಾತ್ರ ಗೋಡೆಗೊರಗಿ ಉಗುರು ಕಚ್ಚುತ್ತಿದ್ದಳು.

*

ಮೇಷ್ಟ್ರ ವಿಜ್ಞಾನದ ತರಗತಿಯಲ್ಲಿ ಪುಸ್ತಕಕ್ಕಿಂತ ಪ್ಲಾಸ್ಟಿಕ್ ಪೈಪು, ಮೋಟಾರು, ಮೇಣವೇ ಹೆಚ್ಚು. ಮಕ್ಕಳು ಅದರಲ್ಲೇ ನೀರೊಳಗೆ ಓಡಾಡುವ ಯಂತ್ರ ಕಟ್ಟುತ್ತಿದ್ದರು. ಯಂತ್ರ ತೇಲಬಾರದು, ಮುಳುಗಲೂ ಬಾರದು. ಚಿಟಿಕೆ ಚಿಟಿಕೆ ಮರಳು ತುಂಬಿ ನಡುನೀರಲ್ಲಿ ನಿಲ್ಲಿಸಬೇಕು.

"ತ್ರಿಶಂಕು ಮಾಡ್ರೋ!" ಎಂದು ಮೇಷ್ಟ್ರು ಕೂಗುತ್ತಿದ್ದರು. ಅಡ್ಡಹೆಸರು ಬಂದದ್ದೇ ಹಾಗೆ. ಮನೆಯಲ್ಲಿ ಮಾತ್ರ ಅವರು ಆ ಪದ ಎತ್ತುವಂತಿರಲಿಲ್ಲ.

ಪ್ರತಿ ವರ್ಷ ಯಂತ್ರ ಪರೀಕ್ಷಿಸಲು ಕ್ವಾರಿಗೇ ಹೋಗಬೇಕು. ಯಂತ್ರಕ್ಕೆ ಕಟ್ಟಿದ ಕ್ಯಾಮೆರಾದ ಪರದೆ ಮಕ್ಕಳ ಮುಂದೆ. ಮೇಷ್ಟ್ರು ಅದಕ್ಕೆ ಬೆನ್ನು ಹಾಕಿ ಕೇಬಲ್ ಹಿಡಿದು ನಿಲ್ಲುತ್ತಿದ್ದರು.

"ಏನ್ ಕಾಣ್ತಿದೆ?"

"ಕೆಸರು, ಸಾರ್."

ಪ್ರತಿ ವರ್ಷವೂ ಕೆಸರೇ. ಪಂಪಕ್ಕ ಯಂತ್ರ ನಡೆಸಿದ ವರ್ಷ ಮಾತ್ರ ಉತ್ತರ ಬೇರೆಯಾಯಿತು.

"ಒಂದು ಶೂ, ಸಾರ್. ಲೇಸ್ ಬದ್ಲು ರಿಬ್ಬನ್ ಕಟ್ಟಿದೆ."

ಕೇಬಲ್ ಬಿಡುತ್ತಿದ್ದ ಕೈ ನಿಂತುಹೋಯಿತು. ಮೇಷ್ಟ್ರು ತಿರುಗಿ ನೋಡಲಿಲ್ಲ.

"ಕೆಸರು ಅನ್ನಮ್ಮ. ಯಾರ್ ಕೇಳಿದ್ರೂ ಕೆಸರು ಅನ್ನು."

ಆಮೇಲೆ ಅವರು ಕ್ವಾರಿ ಕಡೆ ತಲೆ ಹಾಕಲಿಲ್ಲ, ಶಾಲೆಯ ತೊಟ್ಟಿಯೇ ಸಾಕೆಂದರು. ಪಾಪ, ಎಲ್ಲ ಗೊತ್ತಿದ್ದೂ ಆ ಮನುಷ್ಯ ಮಲಗುವ ಮುಂಚೆ ಬಾಗಿಲ ಚಿಲಕ ತೆಗೆದೇ ಇದೆಯೇ ಎಂದು ದಿನವೂ ನೋಡಿ ಬರುತ್ತಿದ್ದರು.

*

ಹೆಣಕ್ಕೆ ನೊಣ ಮುತ್ತತೊಡಗಿದವು. ಸೆರಗಿನಿಂದ ಓಡಿಸುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ಎದ್ದು ಪಂಪಕ್ಕನ ಹತ್ತಿರ ಬಂದಳು.

"ಅವ್ರು ಕೊನೇ ಸಲ ಕ್ವಾರಿಗೆ ಹೋದಾಗ ಯಂತ್ರ ನಡೆಸಿದ್ದು ನೀನೇ ಅಲ್ವಾ? ಅವತ್ತು ಬಂದೋರು ಊಟ ಮಾಡ್ಲಿಲ್ಲ. ಕೇಳಿದ್ರೆ ಕೆಸರು ಅಂದ್ರು. ಏನಿತ್ತಮ್ಮ ತಳದಲ್ಲಿ?"

ಪಂಪಕ್ಕ ಮೇಷ್ಟ್ರ ಮುಖ ನೋಡಿದಳು. ಬಾಯಿಗೆ ಬಂದ ಕೆಸರನ್ನು ನುಂಗಿಕೊಂಡಳು.

"ಶೂ ಇತ್ತಮ್ಮ. ಒಂದೇ."

"ರಿಬ್ಬನ್ ಯಾವ ಬಣ್ಣ?"

ರಿಬ್ಬನ್ನಿನ ಮಾತನ್ನು ಪಂಪಕ್ಕ ಎತ್ತಿಯೇ ಇರಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು.

"ಕೆಂಪು."

"ಲೇಸ್ ಕಿತ್ತೋಗಿತ್ತು ಅವತ್ತು," ಎಂದಳು ಆಕೆ. "ನಾನೇ ಕಟ್ಟಿ ಕಳಿಸಿದ್ದು."

ಆಮೇಲೆ ಹೆಗಲು ಕೊಡುವವರ ಕಡೆ ತಿರುಗಿದಳು. "ಎತ್ತಿ. ಯಾರ್ಗೋಸ್ಕರಾನೂ ಕಾಯೋದು ಬೇಡ."

ಎಲ್ಲರೂ ಹೊರಟ ಮೇಲೆ ಆಕೆ ಒಳಗೆ ಹೋಗಿ ಬೀದಿಬಾಗಿಲು ಮುಚ್ಚಿದಳು. ತುಕ್ಕು ಹಿಡಿದ ಚಿಲಕ ಅಲುಗಲಿಲ್ಲ. ಮೇಷ್ಟ್ರನ್ನು ಹೊತ್ತವರು ಬೀದಿಯ ತಿರುವು ದಾಟಿದರೂ ಆಕೆ ಅಂಗೈಯಿಂದ ಅದನ್ನು ಗುದ್ದುತ್ತಿದ್ದ ಸದ್ದು ಕೇಳುತ್ತಲೇ ಇತ್ತು.